ಹಳೆ ಕಂಪ್ಯೂಟರಿಗೆ ಹಗುರ ಆಪರೇಟಿಂಗ್ ಸಿಸ್ಟಮ್: ಹಾಕುವ ಮುಂಚೆ ಓಡಿಸಿ ನೋಡಿ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಳೆಯ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ಚೆನ್ನಾಗಿಯೇ ಇರುವ ಎಷ್ಟೋ ಕಂಪ್ಯೂಟರ್‌ಗಳು ಹೀಗೆ ಮೂಲೆ ಸೇರುತ್ತಿವೆ. ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಅವು ಇನ್ನೂ ದುಡಿಯುತ್ತವೆ. ಅದರಲ್ಲಿ ಹಲವು ಬಗೆಗಳಿವೆ. ಆದರೆ ಬಹಳ ಜನ ಯಾರೋ ಹೇಳಿದ ಹೆಸರು ಕೇಳಿ, ನೇರವಾಗಿ ಡಿಸ್ಕ್ ಅಳಿಸಿ ಹಾಕಿಬಿಡುತ್ತಾರೆ. ಆಮೇಲೆ ನೋಡಿದರೆ ವೈಫೈ ಇಲ್ಲ, ಸೌಂಡ್ ಇಲ್ಲ.

ಮೊದಲು ಪ್ರೊಸೆಸರ್ 32 ಬಿಟ್ಟಿನದೋ 64 ಬಿಟ್ಟಿನದೋ ನೋಡಿ. ವಿಂಡೋಸ್ ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟದಲ್ಲಿ ‘ಸಿಸ್ಟಮ್ ಟೈಪ್’ ಎಂಬ ಸಾಲಿದೆ. ಅದರಲ್ಲಿ ಮೊದಲ ಮಾತು ಈಗಿರುವ ವಿಂಡೋಸ್‌ನದು, ಎರಡನೆಯದು ಪ್ರೊಸೆಸರಿನದು. ನಿಮಗೆ ಬೇಕಾದ್ದು ಎರಡನೆಯದು. ಅಲ್ಲಿ ‘ಎಕ್ಸ್64’ ಎಂದಿದ್ದರೆ, ಒಳಗೆ 32 ಬಿಟ್ ವಿಂಡೋಸ್ ಇದ್ದರೂ ಯಂತ್ರ 64 ಬಿಟ್ಟಿನದೇ. ನಿಜಕ್ಕೂ 32 ಬಿಟ್ ಆಗಿದ್ದರೆ ಆಯ್ಕೆ ಕಡಿಮೆ. ಲುಬುಂಟು ಎಂಬ ಲಿನಕ್ಸ್ 19.04 ಆವೃತ್ತಿಯಿಂದಲೇ ಅದನ್ನು ಕೈಬಿಟ್ಟಿದೆ, ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನ 13ನೇ ಆವೃತ್ತಿಯಲ್ಲೂ ಅದಕ್ಕೆ ಇನ್‌ಸ್ಟಾಲರ್ ಇಲ್ಲ.

ಇನ್ನು ರ‍್ಯಾಮ್. 4 ಜಿಬಿ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ, ಬೇರೇನೂ ಹುಡುಕಬೇಡಿ. 2 ಜಿಬಿಗೆ ಲುಬುಂಟು. ಅದಕ್ಕಿಂತ ಕಡಿಮೆ ಇದ್ದರೆ ಆಂಟಿಎಕ್ಸ್ ಎಂಬ ಲಿನಕ್ಸ್. ಯಾರೋ ಕತ್ತರಿಸಿ ಹಂಚುವ ‘ಲೈಟ್’ ವಿಂಡೋಸ್ ಮಾತ್ರ ಬೇಡವೇ ಬೇಡ. ಅದರೊಳಗೆ ಏನು ಸೇರಿಸಿದ್ದಾರೆ ಅಂತ ಗೊತ್ತಾಗುವುದಿಲ್ಲ. ರ‍್ಯಾಮ್ ಹೆಚ್ಚಿಸುತ್ತೇವೆ ಎನ್ನುವ ಸಾಫ್ಟ್‌ವೇರ್‌ಗಳೂ ಅಷ್ಟೇ, ದಂಡ.

ಆರಿಸಿದ ಲಿನಕ್ಸ್‌ನ ಐಎಸ್‌ಒ ಫೈಲನ್ನು (ಇಡೀ ಸಿಸ್ಟಮ್ ಇರುವ ಒಂದೇ ಫೈಲ್) ಅಧಿಕೃತ ತಾಣದಿಂದಲೇ ಇಳಿಸಿ, ರೂಫಸ್ ಎಂಬ ವಿಂಡೋಸ್ ತಂತ್ರಾಂಶದಿಂದ ಖಾಲಿ ಪೆನ್ ಡ್ರೈವ್‌ಗೆ ಬರೆಯಿರಿ.

ಈಗ ನಿಜವಾದ ಕೆಲಸ. ಕಂಪ್ಯೂಟರ್ ಆನ್ ಮಾಡುತ್ತಲೇ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತಿ (ಕಂಪನಿಯಿಂದ ಕಂಪನಿಗೆ ಬೇರೆ), ಪೆನ್ ಡ್ರೈವ್‌ನಿಂದ ಬೂಟ್ ಮಾಡಿ, ಅಂದರೆ ಡಿಸ್ಕಿನ ಬದಲು ಅದರಿಂದಲೇ ಕಂಪ್ಯೂಟರ್ ಶುರು ಮಾಡಿ. ಇನ್‌ಸ್ಟಾಲ್ ಒತ್ತಬೇಡಿ, ಸುಮ್ನೆ ಓಡಿಸಿ. ಶುರುವಾಗುವುದು ನಿಧಾನ ಅಂತ ಬೇಸರ ಬೇಡ, ಅದು ಪೆನ್ ಡ್ರೈವ್‌ನ ವೇಗ. ಪಟ್ಟಿಯಲ್ಲಿ ವೈಫೈ ಹೆಸರು ಕಂಡರೆ ಸಾಲದು, ಕನೆಕ್ಟ್ ಮಾಡಿ ಒಂದು ವಿಡಿಯೊ ಪೂರ್ತಿ ನೋಡಿ. ಸ್ಪೀಕರ್, ಹೆಡ್‌ಫೋನ್ ಎರಡನ್ನೂ ಕೇಳಿ. ಬ್ರೈಟ್‌ನೆಸ್ ಕೀ ಒತ್ತಿ. ಲ್ಯಾಪ್‌ಟಾಪ್ ಆದರೆ ಮುಚ್ಚಿ, ಐದು ನಿಮಿಷ ಬಿಟ್ಟು ತೆರೆಯಿರಿ. ಪರದೆ ಕಪ್ಪಾಗಿಯೇ ಉಳಿದರೆ ಇಲ್ಲೇ ಗೊತ್ತಾಗಲಿ. ವೈಫೈ ಬರಲಿಲ್ಲವಾ? ಬ್ರಾಡ್‌ಕಾಮ್ ಕಂಪನಿಯ ಹಳೆಯ ವೈಫೈ ಕಾರ್ಡ್‌ಗಳಲ್ಲಿ ಇದು ಮಾಮೂಲಿ. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಇಂಟರ್ನೆಟ್ ಕೊಟ್ಟು, ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದು, ಕಾರ್ಡ್ ನಡೆಸುವ ತಂತ್ರಾಂಶ (ಡ್ರೈವರ್) ಅಲ್ಲಿದೆಯಾ ನೋಡಿ.

ಕೊನೆಗೆ ಬ್ರೌಸರ್. ನೀವು ದಿನಾ ತೆರೆಯುವ ಪುಟಗಳನ್ನೆಲ್ಲ ಒಟ್ಟಿಗೆ ತೆರೆಯಿರಿ. ಯಾವ ಡೆಸ್ಕ್‌ಟಾಪ್ ಎಷ್ಟು ಮೆಮೊರಿ ತಿನ್ನುತ್ತದೆ ಅಂತ ಜನ ವಾದ ಮಾಡುತ್ತಾರೆ. ಜಾಸ್ತಿ ತಿನ್ನುವುದು ಬ್ರೌಸರ್ ಅಲ್ವಾ? ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ‘ಫ್ರೀ’ (free) ಕಮಾಂಡ್ ಕೊಟ್ಟು, ಇನ್ನೂ ಬಳಸಲು ಸಿಗುವ ಮೆಮೊರಿ ತೋರಿಸುವ ‘ಅವೈಲಬಲ್’ ಕಾಲಂ ನೋಡಿ. ಅದು ಬರಿದಾಗುತ್ತಾ ಬಂದು, ಪುಟ ಬದಲಿಸುವಾಗ ಯಂತ್ರ ತಡವರಿಸಿದರೆ ಇನ್ನೂ ಹಗುರವಾದ ಸಿಸ್ಟಮ್ ಬರೆದು ಮತ್ತೆ ಓಡಿಸಿ.

ಎಲ್ಲ ಸರಿ ಇದ್ದರೆ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ನಕಲಿಸಿ, ತೆರೆದು ನೋಡಿ, ಆಮೇಲೆ ಇನ್‌ಸ್ಟಾಲ್ ಒತ್ತಿ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ಅದಕ್ಕಿಂತ ವೇಗದ, ಚಿಪ್‌ನಲ್ಲಿ ದತ್ತಾಂಶ ಇಡುವ ಡಿಸ್ಕ್) ಹಾಕಿಸುವ ಯೋಚನೆ ಇದ್ದರೆ ಅದನ್ನು ಇದಕ್ಕೂ ಮೊದಲೇ ಮುಗಿಸಿ. ಪೆನ್ ಡ್ರೈವ್ ಅಳಿಸಬೇಡಿ. ಮುಂದೊಮ್ಮೆ ಕಂಪ್ಯೂಟರ್ ಬೂಟ್ ಆಗದಿದ್ದರೆ, ಒಳಗಿನ ಫೈಲ್ ತೆಗೆಯಲು ಅದೇ ಬೇಕು.