ಮುಟ್ಟು ನಿಂತ ಮೇಲೂ ಕಿಬ್ಬೊಟ್ಟೆ ನೋವೇ? ವೈದ್ಯರ ಬಳಿ ಹೋಗುವ ಕ್ರಮ ಇದು

ಸ್ತ್ರೀರೋಗ ವಿಭಾಗದ ಹೊರರೋಗಿ ಕೋಣೆಯಲ್ಲಿ ಬಹುಕಾಲ ಶುಶ್ರೂಷಕಿಯಾಗಿ ದುಡಿದವಳು ನಾನು. ಐವತ್ತರ ಆಸುಪಾಸಿನ ಹೆಂಗಸರು ತಿಂಗಳುಗಟ್ಟಲೆ ನೋವು ನುಂಗಿಕೊಂಡು ಬಂದು, ಐದೇ ನಿಮಿಷದಲ್ಲಿ ನೋವಿನ ಮಾತ್ರೆಯ ಚೀಟಿ ಹಿಡಿದು ಹೊರಡುವುದನ್ನು ದಿನವೂ ಕಂಡಿದ್ದೇನೆ. "ಎಲ್ಲಿ ನೋವಮ್ಮ?" ಎಂದು ಕೇಳಿದರೆ "ಸೊಂಟ" ಎಂದಷ್ಟೇ ಉತ್ತರ. ಉಳಿದದ್ದನ್ನು ಜೊತೆಗೆ ಬಂದ ಮಗ ಹೇಳುತ್ತಾನೆ. ತಾಯಿಗೆ ಮೂತ್ರ ಉರಿಯುತ್ತದೆಯೇ ಎಂಬುದು ಅವನಿಗೆ ಹೇಗೆ ಗೊತ್ತಿರಬೇಕು?

ಮೊದಲು ತುರ್ತಿನ ಮಾತು. ಮುಟ್ಟು ನಿಂತು ಹನ್ನೆರಡು ತಿಂಗಳಾದ ಮೇಲೆ ರಕ್ತದ ಕಲೆ ಕಂಡರೆ, ಹೊಟ್ಟೆ ಉಬ್ಬಿಕೊಂಡೇ ಇದ್ದು ನಾಲ್ಕು ತುತ್ತಿಗೇ ತುಂಬಿದಂತಾದರೆ, ಕಾರಣವಿಲ್ಲದೆ ತೂಕ ಇಳಿದರೆ, ಮೂತ್ರದಲ್ಲೋ ಮಲದಲ್ಲೋ ರಕ್ತ ಬಂದರೆ ಮುಂದಿನದನ್ನು ಓದುತ್ತ ಕೂರಬೇಡಿ, ಈ ವಾರವೇ ವೈದ್ಯರನ್ನು ಕಾಣಿ. ರಕ್ತ ಕಂಡವರಿಗೆ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಒಳಪದರದ ದಪ್ಪ ಅಳೆಯುತ್ತಾರೆ. 4 ಮಿಲಿಮೀಟರ್ ಮೀರಿದ್ದರೆ ಸಾಮಾನ್ಯವಾಗಿ ಬಯಾಪ್ಸಿ, ಅಂದರೆ ಆ ಪದರದ ಚೂರು ತೆಗೆದು ಪರೀಕ್ಷೆ, ಮಾಡಬೇಕಾಗುತ್ತದೆ. "ನಿಂತ ಮುಟ್ಟು ಮತ್ತೆ ಬಂತು, ನನಗಿನ್ನೂ ವಯಸ್ಸಿದೆ" ಎಂದು ನಗುತ್ತ ಹೇಳಿದವರಿದ್ದಾರೆ. ಕೇಳಿದ ನಮಗೆ ನಗು ಬರುತ್ತಿರಲಿಲ್ಲ.

ಹಂತ 1: ಎರಡು ವಾರ ಬರೆದಿಡಿ

ಎಲ್ಲರೂ ಎಡವುವುದು ಇಲ್ಲೇ. ಮೊಮ್ಮಕ್ಕಳ ಹಳೆಯ ನೋಟ್‌ಬುಕ್ ಸಾಕು. ಮೊಬೈಲ್ ಆ್ಯಪ್‌ಗಳ ಮೇಲೆ ನನಗೆ ನಂಬಿಕೆಯಿಲ್ಲ, ಮೂರನೆಯ ದಿನಕ್ಕೆ ಮರೆತುಹೋಗುತ್ತವೆ. ನೋವು ಎಷ್ಟಿತ್ತು ಎನ್ನುವುದಕ್ಕಿಂತ ಯಾವಾಗ ಹೆಚ್ಚಿತು, ಯಾವಾಗ ಇಳಿಯಿತು ಎಂಬುದನ್ನು ಬರೆಯಿರಿ. ರೋಗದ ಸುಳಿವು ಇರುವುದು ಅಲ್ಲೇ.

ಮೂತ್ರ ತುಂಬಿದಂತೆಲ್ಲ ನೋವು ಏರಿ, ಹೋಗಿ ಬಂದ ಮೇಲೆ ಇಳಿದರೆ ಮೂತ್ರಕೋಶದ ಕಡೆ ನೋಡಬೇಕು. ಮಲವಿಸರ್ಜನೆಯ ಹಿಂದೆ ಮುಂದೆ ಬದಲಾದರೆ ಕರುಳಿನ ಕಡೆ. ಕುಳಿತಾಗ ಹೆಚ್ಚಾಗಿ, ನಿಂತರೆ ಅಥವಾ ಕಮೋಡ್ ಮೇಲೆ ಕೂತರೆ ಹಗುರವಾದರೆ ನರದ ತೊಂದರೆ ಇರಬಹುದು. ಮೆಟ್ಟಿಲು ಹತ್ತುವಾಗ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಚುಚ್ಚಿದರೆ ಕೀಲು, ಬೆನ್ನುಮೂಳೆ. ಸಂಜೆಯಾಗುತ್ತಿದ್ದಂತೆ ಏನೋ ಕೆಳಗೆ ಜಾರಿದಂತೆ ಭಾರವೆನಿಸಿದರೆ ಗರ್ಭಕೋಶ ಜಾರಿರಬಹುದು. ಮಿಲನದ ವೇಳೆ ಆರಂಭದಲ್ಲೇ ಉರಿಯುತ್ತದೆಯೋ, ಆಳದಲ್ಲಿ ನೋಯುತ್ತದೆಯೋ ಎಂಬುದನ್ನೂ ಬರೆಯಿರಿ. ಆರಂಭದ ಉರಿಗೆ, ಈಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನ್ ಇಳಿದು ಯೋನಿಯ ಒಳಪದರ ತೆಳುವಾಗಿ ಒಣಗಿರುವುದು ಬಹು ಸಾಮಾನ್ಯ ಕಾರಣ. ಪದೇ ಪದೇ ಉರಿಮೂತ್ರವಾಗುವುದರ ಹಿಂದೆಯೂ ಅದೇ ಇರಬಹುದು.

ಕೊನೆಯ ಪುಟದಲ್ಲಿ ಹಳೆಯ ಕಥೆ: ಹೆರಿಗೆ, ಸಿಸೇರಿಯನ್, ಸಂತಾನಹರಣ ಶಸ್ತ್ರಚಿಕಿತ್ಸೆ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ರೋಗ). ಗರ್ಭಕೋಶ ತೆಗೆದಿದ್ದರೆ ಅಂಡಾಶಯ ಉಳಿಸಿದ್ದಾರೆಯೇ ಎಂಬುದು ಬಹಳ ಮುಖ್ಯ. ಅದು ಬಹುತೇಕರಿಗೆ ಗೊತ್ತೇ ಇರುವುದಿಲ್ಲ. ಬಿಡುಗಡೆ ಪತ್ರ ಹುಡುಕಿ. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಬರೆಯಿರಿ, ಮೆಡಿಕಲ್ ಅಂಗಡಿಯಲ್ಲಿ ನೀವಾಗಿಯೇ ಕೇಳಿ ತಂದ ಡೈಕ್ಲೊಫೆನಾಕ್ ನೋವಿನ ಮಾತ್ರೆ ಸಮೇತ. ಬಿಪಿ, ಸಕ್ಕರೆ ಕಾಯಿಲೆ ಇರುವವರು ಅದನ್ನು ದಿನವೂ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು.

ಹಂತ 2: ಸ್ತ್ರೀರೋಗ ತಜ್ಞರಿಂದಲೇ ಆರಂಭಿಸಿ

ತಾಲ್ಲೂಕು ಆಸ್ಪತ್ರೆಯಾದರೂ ಸರಿ.

ಹಂತ 3: ಕೋಣೆಯೊಳಗೆ

ಮಗನನ್ನೂ ಗಂಡನನ್ನೂ ಹೊರಗೆ ಕೂರಿಸಿ. ತಂಗಿಯೋ ಸೊಸೆಯೋ ಜೊತೆಗಿರಲಿ. ಮೊದಲ ವಾಕ್ಯ ಹೀಗಿರಲಿ: "ಎಂಟು ತಿಂಗಳಿಂದ ಹೊಕ್ಕುಳ ಕೆಳಗೆ ಎಡಕ್ಕೆ ನೋವು, ಮೂತ್ರ ತುಂಬಿದಾಗ ಜಾಸ್ತಿ, ಮುಟ್ಟು ನಿಂತು ಎರಡು ವರ್ಷ." ಬೆರಳಿಟ್ಟು ಜಾಗ ತೋರಿಸಿ. "ಗ್ಯಾಸ್ ಇರಬೇಕು", "ಉಷ್ಣ ಆಗಿದೆ" ಎಂದು ನೀವೇ ರೋಗ ಹೆಸರಿಸಿದರೆ ಅವಸರದಲ್ಲಿರುವ ವೈದ್ಯರು ಅದನ್ನೇ ಹಿಡಿದು ಗ್ಯಾಸ್ ಮಾತ್ರೆ ಬರೆದುಬಿಡುತ್ತಾರೆ.

ಒಳಪರೀಕ್ಷೆಗೆ ಸಂಕೋಚಪಡಬೇಡಿ, ಸ್ತ್ರೀ ಸಿಬ್ಬಂದಿ ಪಕ್ಕದಲ್ಲಿರಲಿ ಎಂದು ಕೇಳುವ ಹಕ್ಕು ನಿಮಗಿದೆ. ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳನ್ನು ವೈದ್ಯರು ಒಂದು ಬೆರಳಿನಿಂದ ಒತ್ತಿದಾಗ "ಇದೇ, ಇದೇ ನೋವು" ಎಂದು ಬೆಚ್ಚಿಬಿದ್ದವರಿದ್ದಾರೆ. ಬಿಗಿದುಕೊಂಡ ಆ ಸ್ನಾಯು ಸ್ಕ್ಯಾನಿಂಗ್‌ನಲ್ಲಿ ಕಾಣುವುದಿಲ್ಲ.

ಹಂತ 4: ಪರೀಕ್ಷೆಗಳು

ಸೋಂಕಿನ ರೋಗಾಣು ಪತ್ತೆಹಚ್ಚುವ ಮೂತ್ರದ ಕಲ್ಚರ್ ಪರೀಕ್ಷೆಗೆ ಕೊಡುವ ಮುನ್ನ ಮನೆಯಲ್ಲುಳಿದ ಆ್ಯಂಟಿಬಯೋಟಿಕ್ ನುಂಗಬೇಡಿ. ನುಂಗಿದರೆ ಸೋಂಕಿದ್ದರೂ ವರದಿಯಲ್ಲಿ ಸಿಗದೆ ಹೋಗಬಹುದು. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ. ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್‌ನಲ್ಲಿ ಅಂಡಾಶಯ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ, ಅದಕ್ಕೆ ನೀರು ಕುಡಿದು ಕಾಯಬೇಕಾಗಿಲ್ಲ. ಅಂಡಾಶಯದ ಕ್ಯಾನ್ಸರ್ ಶಂಕೆಯಿದ್ದಾಗ ಮಾಡಿಸುವ ಸಿಎ-125 ರಕ್ತಪರೀಕ್ಷೆಯ ಒಂದು ಅಂಕಿಯಿಂದ ಕ್ಯಾನ್ಸರ್ ಇದೆ, ಇಲ್ಲ ಎಂದು ತೀರ್ಮಾನಿಸಲಾಗದು. ಸ್ಕ್ಯಾನಿಂಗ್ ಜೊತೆಗಿಟ್ಟು ನೋಡಬೇಕು.

"ಎಲ್ಲ ನಾರ್ಮಲ್" ಎಂಬ ವರದಿ ಬಂದರೆ ಖುಷಿಪಡಿ, ಆದರೆ ಎದ್ದು ಬರಬೇಡಿ. "ಹಾಗಾದರೆ ಸ್ನಾಯು, ನರ, ಮೂತ್ರಕೋಶ, ಕರುಳು, ಇವುಗಳಲ್ಲಿ ಮುಂದೆ ಯಾವುದನ್ನು ನೋಡೋಣ?" ಎಂದು ಕೇಳಿ. ಸ್ಕ್ಯಾನಿಂಗ್‌ನ ಸಣ್ಣ ಚಿತ್ರಗಳ ಕಾಗದ ಬಿಸಿಗೆ ಕಪ್ಪಾಗುತ್ತದೆ. ಬಟ್ಟೆ ಅಂಗಡಿಯ ಚೀಲದಲ್ಲಿ ತುರುಕುವ ಮೊದಲು ಫೋಟೊ ತೆಗೆದಿಡಿ.

ಹಂತ 5: ಚಿಕಿತ್ಸೆ

ಯೋನಿಯ ಒಣಗುವಿಕೆಗೆ ಈಸ್ಟ್ರೋಜೆನ್ ಕ್ರೀಮ್ ಇದೆ. ಸಾಮಾನ್ಯವಾಗಿ ಮೊದಲ ಎರಡು ವಾರ ದಿನವೂ ರಾತ್ರಿ, ಆಮೇಲೆ ವಾರಕ್ಕೆರಡು ಬಾರಿ. ಗುಣ ಕಾಣಲು ಹಲವು ವಾರ ಬೇಕು. ನಾಲ್ಕು ದಿನ ಹಚ್ಚಿ ಕೈಬಿಟ್ಟವರೇ ಹೆಚ್ಚು. ಸ್ತನ ಕ್ಯಾನ್ಸರ್ ಆಗಿದ್ದವರು ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಸುವಾಸನೆಯ "ಇಂಟಿಮೇಟ್ ವಾಶ್"ಗಳನ್ನು ಇವತ್ತೇ ಕಸಕ್ಕೆ ಹಾಕಿ, ಉರಿ ಇನ್ನೂ ಹೆಚ್ಚಾಗುತ್ತದೆ. ಆನ್‌ಲೈನ್‌ನಲ್ಲಿ ಮಾರುವ, ಯೋನಿಯೊಳಗಿಡುವ "ಗರ್ಭಕೋಶ ಶುದ್ಧಿ"ಯ ಮೂಲಿಕೆ ಗಂಟುಗಳ ಗೋಜಿಗೇ ಹೋಗಬೇಡಿ.

ಸ್ನಾಯು ಬಿಗಿದಿದ್ದರೆ ಈ ಕೆಲಸ ಗೊತ್ತಿರುವ ಫಿಸಿಯೋಥೆರಪಿಸ್ಟ್ ಬೇಕು. ಯೂಟ್ಯೂಬ್ ನೋಡಿ ಆ ಸ್ನಾಯುವನ್ನು ಬಿಗಿಹಿಡಿದು ಬಿಡುವ ಕೆಗೆಲ್ ವ್ಯಾಯಾಮ ಮಾಡಿದರೆ ಬಿಗಿದದ್ದು ಇನ್ನಷ್ಟು ಬಿಗಿಯುತ್ತದೆ. ನರದ ನೋವಿಗೆ ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲೀನ್ ಬರೆದಾಗ, ಗೂಗಲ್‌ನಲ್ಲಿ "ಖಿನ್ನತೆಯ ಮಾತ್ರೆ" ಎಂದು ಓದಿ ಬಿಟ್ಟುಬಿಡುವವರಿದ್ದಾರೆ. ಅದನ್ನು ನೋವಿಗೂ ಕೊಡುತ್ತಾರೆ. ಎಂಡೊಮೆಟ್ರಿಯೋಸಿಸ್ ಇದ್ದವರು ಇದ್ದಕ್ಕಿದ್ದಂತೆ ಮೈ ಬಿಸಿಯೇರುವ ಬಿಸಿಯುಬ್ಬರಕ್ಕೆಂದು ಹಾರ್ಮೋನ್ ಮಾತ್ರೆ ನುಂಗುತ್ತಿದ್ದರೆ ತಪ್ಪದೆ ಹೇಳಿ, ಹಳೆಯ ನೋವು ಅದರಿಂದ ಮರುಕಳಿಸಬಹುದು.

"ಗರ್ಭಕೋಶ ತೆಗೆದುಬಿಡೋಣ" ಎಂದರೆ ಅಲ್ಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ. ಕಲಬುರಗಿ ಜಿಲ್ಲೆಯಲ್ಲಿ ಅನಗತ್ಯವಾಗಿ ಗರ್ಭಕೋಶ ಕಳೆದುಕೊಂಡ ಮಹಿಳೆಯರು 2017ರಲ್ಲಿ ಬೀದಿಗಿಳಿಯಬೇಕಾಯಿತು. ಯಾವ ರೋಗಕ್ಕೆ ತೆಗೆಯುತ್ತೀರಿ, ತೆಗೆದ ಮೇಲೂ ನೋವು ಉಳಿದರೆ ಏನು ಎಂದು ಕೇಳಿ, ಉತ್ತರವನ್ನು ಬರೆಸಿಕೊಂಡು ಇನ್ನೊಬ್ಬ ತಜ್ಞರಿಗೆ ತೋರಿಸಿ. ನೋವಿನ ಮೂಲ ಮೂತ್ರಕೋಶದಲ್ಲೋ ಸ್ನಾಯುವಿನಲ್ಲೋ ಇದ್ದರೆ ಗರ್ಭಕೋಶ ಹೋದರೂ ನೋವು ಹೋಗುವುದಿಲ್ಲ.

ಮತ್ತೆ ಬರಬೇಕಾದ ದಿನಾಂಕವನ್ನು ಚೀಟಿಯಲ್ಲೇ ಬರೆಸಿಕೊಳ್ಳಿ, ನೋಟ್‌ಬುಕ್ ಮುಂದುವರಿಸಿ. ಮೂರು ತಿಂಗಳಾದರೂ ಬದಲಾವಣೆ ಕಾಣದಿದ್ದರೆ ಅದೇ ಮಾತ್ರೆಯನ್ನು ಮತ್ತೆ ಮತ್ತೆ ಬರೆಸಿಕೊಳ್ಳುವ ಬದಲು, ನೋವು ಚಿಕಿತ್ಸಾ ವಿಭಾಗವಿರುವ ದೊಡ್ಡ ಆಸ್ಪತ್ರೆಗೆ ಶಿಫಾರಸು ಪತ್ರ ಕೇಳಿ.