ಒಬ್ಬರೇ ಸಪ್ಲೈಯರ್, ಮೂರು ಕೋಡ್: ಮಾಸ್ಟರ್ ಡೇಟಾ ಹೀಗೆ ಸರಿಮಾಡಿ

ಒಂದೇ ಬಿಲ್ಲಿಗೆ ನಮ್ಮ ಅಕೌಂಟ್ಸ್‌ನಿಂದ ಎರಡು ಸಲ ದುಡ್ಡು ಹೋಗಿತ್ತು. ನಾನು ಸ್ಟೋರ್ಸ್ ಬಿಟ್ಟು ಮಾಸ್ಟರ್ ಡೇಟಾ, ಅಂದರೆ ಸಪ್ಲೈಯರ್, ಮೆಟೀರಿಯಲ್‌ಗಳ ಮೂಲ ಪಟ್ಟಿ ನೋಡಿಕೊಳ್ಳುವ ಕೆಲಸಕ್ಕೆ ಬಂದಿದ್ದು ಆ ಗಲಾಟೆಯಲ್ಲಿ. ಸಪ್ಲೈಯರ್ ಒಬ್ಬರೇ, ಹೆಸರು ಲಕ್ಷ್ಮಿಯಿಂದ ಶುರು. ಒಂದು ಪ್ಲಾಂಟಿನವರು ಇಂಗ್ಲಿಷಿನಲ್ಲಿ ಎಕ್ಸ್ ಹಾಕಿ ಬರೆದಿದ್ದರು. ಇನ್ನೊಂದರವರು ಕೆಎಸ್‌ಎಚ್ ಹಾಕಿದ್ದರು. ಮೂರನೆಯವರು ಮುಂದೆ ಒಂದು ‘ಶ್ರೀ’ ಸೇರಿಸಿದ್ದರು. ಮೂರು ವೆಂಡರ್ (ಸಪ್ಲೈಯರ್) ಕೋಡ್ ಆಯಿತು. ಖರೀದಿ, ಲೆಕ್ಕ ನಡೆಸುವ ನಮ್ಮ ಸ್ಯಾಪ್ ಸಾಫ್ಟ್‌ವೇರ್ ಡೂಪ್ಲಿಕೇಟ್ ಬಿಲ್ ಹಿಡಿಯುತ್ತದೆ ನಿಜ, ಆದರೆ ಅದು ಹುಡುಕುವುದು ಅದೇ ವೆಂಡರ್ ಕೋಡಿನ ಒಳಗೆ. ಕೋಡ್ ಬೇರೆಯಾದರೆ ಅದರ ಪಾಲಿಗೆ ಆಸಾಮಿಯೇ ಬೇರೆ.

ಇಂಥದ್ದು ನಡೆದಾಗ ಮೀಟಿಂಗಿನಲ್ಲಿ ಯಾರಾದರೂ ‘ಎಲ್ಲಾ ಸಿಸ್ಟಮ್ ಜೋಡಿಸಿಬಿಡೋಣ’ ಅಂದೇ ಅನ್ನುತ್ತಾರೆ. ಒಪ್ಪಬೇಡಿ. ಮೊದಲೇ ಜೋಡಿಸಿದರೆ ಒಂದು ಕಡೆ ಇದ್ದ ಕಸ ಐದು ಕಡೆ ಹರಡುತ್ತದೆ, ಅಷ್ಟೇ. ಮೊದಲು ಗುಡಿಸಿ. ಅದೂ ವೆಂಡರ್ ಪಟ್ಟಿಯಿಂದ ಶುರು ಮಾಡಿ, ಯಾಕೆಂದರೆ ದುಡ್ಡು ಸೋರುವುದು ಅಲ್ಲಿ.

ಸ್ಯಾಪ್, ಟ್ಯಾಲಿ, ಗೇಟಿನ ಸಾಫ್ಟ್‌ವೇರ್, ಯಾರದೋ ಲ್ಯಾಪ್‌ಟಾಪಿನ ಎಕ್ಸೆಲ್, ಎಲ್ಲದರಿಂದ ವೆಂಡರ್ ಪಟ್ಟಿ ತೆಗೆದು ಒಂದು ಶೀಟಿಗೆ ತನ್ನಿ. ಕೋಡಿನ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಿ. ಸ್ಯಾಪ್ ವೆಂಡರ್ ಕೋಡಿಗೆ ಒಳಗೆ 10 ಸ್ಥಾನ. ನಂಬರ್ ಚಿಕ್ಕದಾದರೆ ಮುಂದೆ ಸೊನ್ನೆ ತುಂಬಿರುತ್ತದೆ. ಎಕ್ಸೆಲ್ ಆ ಸೊನ್ನೆಗಳನ್ನು ಸದ್ದಿಲ್ಲದೆ ನುಂಗುತ್ತದೆ. ಆಮೇಲೆ ಇನ್ನೊಂದು ಸಿಸ್ಟಮ್ ‘ಈ ಕೋಡ್ ನಮ್ಮಲ್ಲಿಲ್ಲ’ ಅಂತ ಹೊಸದೊಂದನ್ನು ಹುಟ್ಟಿಸುತ್ತದೆ.

ಈಗ ಜೋಡಿ ಹುಡುಕುವುದು. ಹೆಸರು ನೋಡಿ ಹುಡುಕಬೇಡಿ, ಹುಚ್ಚು ಹಿಡಿಯುತ್ತದೆ. ಜಿಎಸ್‌ಟಿ ನಂಬರ್ ನೋಡಿ. ಅದರಲ್ಲಿ 15 ಅಕ್ಷರ. ಮೊದಲ ಎರಡು ರಾಜ್ಯದ್ದು, ಕರ್ನಾಟಕ ಅಂದರೆ 29. ಮುಂದಿನ 10 ಪ್ಯಾನ್. 13ನೆಯದು ಅದೇ ಪ್ಯಾನಿನಲ್ಲಿ ಆ ರಾಜ್ಯದಲ್ಲಿ ಎಷ್ಟನೇ ನೋಂದಣಿ ಎನ್ನುವುದು. ಕೊನೆಯದು ತಾಳೆ ನೋಡುವ ಅಕ್ಷರ. ಎಕ್ಸೆಲ್‌ನ ಮಿಡ್ ಫಾರ್ಮುಲಾದಲ್ಲಿ 3ನೇ ಅಕ್ಷರದಿಂದ 10 ಅಕ್ಷರ ಎತ್ತಿ ಬೇರೆ ಕಾಲಮ್ಮಿಗೆ ಹಾಕಿ, ಅದರ ಮೇಲೆ ಸಾರ್ಟ್ ಮಾಡಿ. ನಮ್ಮ ಮೂರು ಲಕ್ಷ್ಮಿಗಳೂ ಒಂದರ ಕೆಳಗೊಂದು ಬಂದು ಕೂತರು.

ತಕ್ಷಣ ಸೇರಿಸಬೇಡಿ. ಅದೇ ಕಂಪನಿಗೆ ಪೀಣ್ಯದಲ್ಲಿ 29ರ ನಂಬರ್, ತಮಿಳುನಾಡಿನ ಹೊಸೂರಿನಲ್ಲಿ 33ರ ನಂಬರ್ ಇರಬಹುದು. ಅದು ಡೂಪ್ಲಿಕೇಟ್ ಅಲ್ಲ. ಪ್ಯಾನ್ ಮೇಲೆ, ಜಿಎಸ್‌ಟಿ ನಂಬರ್‌ಗಳು ಅದರ ಕೆಳಗೆ, ಹಾಗೆ ಇಡಿ. ಉಲ್ಟಾ ಮೋಸವೂ ಇದೆ. ಪ್ಯಾನಿನ 4ನೇ ಅಕ್ಷರ ನೋಡಿ: ಪಿ ಅಂದರೆ ವ್ಯಕ್ತಿ, ಎಫ್ ಪಾಲುದಾರಿಕೆ, ಸಿ ಕಂಪನಿ. ನಮ್ಮ ಜಾಬ್‌ವರ್ಕ್ ಮಾಡುವ ಒಬ್ಬರು ತಮ್ಮ ಹೆಸರಿನಲ್ಲಿದ್ದ ವ್ಯವಹಾರ ಬಿಟ್ಟು ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡರು. ಅದೇ ಶೆಡ್ಡು, ಅದೇ ಲೇತು, ಅದೇ ಫೋನ್ ನಂಬರ್. ಆದರೂ ಪ್ಯಾನ್ ಬೇರೆ, ಅಂದರೆ ಲೆಕ್ಕಕ್ಕೆ ಆಸಾಮಿಯೂ ಬೇರೆ. ಸೇರಿಸಿದರೆ ಟಿಡಿಎಸ್ (ದುಡ್ಡು ಕೊಡುವಾಗ ಮುರಿದು ಕಟ್ಟುವ ತೆರಿಗೆ) ತಪ್ಪು ಪ್ಯಾನಿಗೆ ಹೋಗುತ್ತದೆ. ಜಿಎಸ್‌ಟಿ ಇಲ್ಲದ ಸಣ್ಣವರಿಗೆ ಪ್ಯಾನ್, ಬ್ಯಾಂಕ್ ಖಾತೆ ಎರಡನ್ನೂ ತಾಳೆ ನೋಡಿ.

ಊರಿನ ಹೆಸರೂ ನಂಬುವಂತಿಲ್ಲ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಬೆಂಗಳೂರು, ಬೆಳಗಾವಿ, ಮೈಸೂರು ಅಂತಲೇ ಬರೆಯಬೇಕು, ಆದರೆ ಹಳೇ ಸಾಲುಗಳಲ್ಲಿ ಬ್ಯಾಂಗಲೋರ್ ಹಾಗೇ ಇದೆ. ಪಿನ್‌ಕೋಡ್ ಹಿಡಿದುಕೊಳ್ಳಿ. ಬ್ಯಾಂಕ್ ಕಥೆ ಇನ್ನೂ ಚೆನ್ನಾಗಿದೆ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ. ಆಮೇಲೆ ಐಎಫ್‌ಎಸ್‌ಸಿ ಕೋಡುಗಳೂ ಬದಲಾದವು. ನಮ್ಮ ಪಟ್ಟಿಯಲ್ಲಿ ಮಾತ್ರ ಎರಡೂ ಬ್ಯಾಂಕ್ ಇನ್ನೂ ಬದುಕಿದ್ದವು! ಅದಕ್ಕೇ ಪ್ರತಿ ಸಾಲಿಗೂ ‘ಕೊನೆಗೆ ಪರೀಕ್ಷಿಸಿದ ದಿನ’ ಎಂಬ ಒಂದು ಕಾಲಮ್ ಇಟ್ಟೆ.

ಡೂಪ್ಲಿಕೇಟ್ ಖಾತ್ರಿಯಾದ ಮೇಲೂ ಡಿಲೀಟ್ ಮಾಡಬೇಡಿ. ಹಳೇ ಕೋಡಿನಲ್ಲಿ ಬಾಕಿ ಪಿಓ (ಖರೀದಿ ಆರ್ಡರ್), ಬಾಕಿ ಬಿಲ್, ಕೊಟ್ಟ ಅಡ್ವಾನ್ಸ್ ಇರುತ್ತದೆ. ಹೊಸ ಪಿಓಗೆ ಮಾತ್ರ ಬ್ಲಾಕ್ ಮಾಡಿ. ಬಾಕಿ ಸೊನ್ನೆಯಾದ ಮೇಲೆ ಪೂರ್ತಿ ಬ್ಲಾಕ್. ಯಾವ ಹಳೇ ಕೋಡ್ ಯಾವ ಹೊಸ ಕೋಡಿಗೆ ಹೋಯಿತು ಅನ್ನುವ ಪಟ್ಟಿಯನ್ನು ಜೋಪಾನವಾಗಿ ಇಡಿ. ಆಡಿಟರ್ ಬಂದಾಗ ಕೇಳುವುದು ಅದನ್ನೇ.

ಮೆಟೀರಿಯಲ್ ಪಟ್ಟಿಗೂ ಇದೇ ದಾರಿ, ಆದರೆ ಅಲ್ಲಿ ಜಿಎಸ್‌ಟಿ ನಂಬರಿನಂಥ ಊರುಗೋಲಿಲ್ಲ. 6205 ಬೇರಿಂಗ್ ತಗೊಳ್ಳಿ. ಎರಡೂ ಕಡೆ ತಗಡಿನ ಮುಚ್ಚಳ ಇರುವುದಕ್ಕೆ ಎಸ್‌ಕೆಎಫ್ 2ಝಡ್ ಅನ್ನುತ್ತದೆ, ಎನ್‌ಎಸ್‌ಕೆ ಝಡ್‌ಝಡ್ ಅನ್ನುತ್ತದೆ. ನಮ್ಮಲ್ಲಿ ಎರಡು ಕೋಡ್, ಸ್ಟೋರ್ಸಿನಲ್ಲಿ ಎರಡು ಬಿನ್ (ಡಬ್ಬಿ). ಒಂದು ಖಾಲಿಯಾದಾಗ ಇನ್ನೊಂದು ತುಂಬಿದ್ದರೂ ಅರ್ಜೆಂಟ್ ಪಿಓ ಹೋಗುತ್ತಿತ್ತು. 2ಆರ್‌ಎಸ್ ಆದರೆ ರಬ್ಬರ್ ಸೀಲು, ಅದು ಬೇರೆಯೇ. ಇದನ್ನು ಹೇಳಬೇಕಾದವರು ಮೆಂಟೆನೆನ್ಸ್ ಮೇಸ್ತ್ರಿ, ಟೈಪ್ ಮಾಡುವ ಹುಡುಗ ಅಲ್ಲ.

ಅಲ್ಲಿಗೆ ಬಂತು ನೋಡಿ ಅಸಲು ವಿಷಯ: ಯಾವ ಮಾಹಿತಿ ಯಾರದ್ದು? ನಾವು ಬೋರ್ಡಿನ ಮೇಲೆ ಒಂದೊಂದು ಕಾಲಮ್ಮಿನ ಮುಂದೆ ಒಬ್ಬೊಬ್ಬರ ಹೆಸರು ಬರೆದೆವು. ಡಿಪಾರ್ಟ್‌ಮೆಂಟಿನ ಹೆಸರಲ್ಲ, ಮನುಷ್ಯರ ಹೆಸರು. ಬ್ಯಾಂಕ್ ಖಾತೆ ಬದಲಿಸುವ ಹಕ್ಕು ಫೈನಾನ್ಸಿನ ಒಬ್ಬರಿಗೆ ಮಾತ್ರ. ಅವರೂ ಮೇಲ್ ನಂಬುವುದಿಲ್ಲ. ಪಟ್ಟಿಯಲ್ಲಿ ಮೊದಲಿಂದ ಇದ್ದ ನಂಬರಿಗೆ ಫೋನ್ ಮಾಡಿ ಕೇಳುತ್ತಾರೆ. ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ.

ಇಷ್ಟಾದ ಮೇಲೆ ಸಿಸ್ಟಮ್ ಜೋಡಿಸಿ. ವೆಂಡರ್ ಹುಟ್ಟುವುದು ಒಂದೇ ಕಡೆ ಇರಲಿ, ಉಳಿದವು ಅಲ್ಲಿಂದ ಪಡೆಯಲಿ. ಎರಡೂ ಕಡೆ ತಿದ್ದಲು ಬಿಟ್ಟರೆ ರಾತ್ರಿ ಒಂದನ್ನೊಂದು ಅಳಿಸುತ್ತಾ ಕೂರುತ್ತವೆ. ದಿನಾ ಬೆಳಿಗ್ಗೆ ಒಬ್ಬರು ಲೆಕ್ಕ ನೋಡಲೇಬೇಕು: ಕಳಿಸಿದ್ದೆಷ್ಟು, ಮುಟ್ಟಿದ್ದೆಷ್ಟು. ಮೊನ್ನೆ 212 ಸಾಲು ಹೋಗಿ 211 ಮುಟ್ಟಿದ್ದವು. ಅರ್ಧ ದಿನ ಹುಡುಕಿದೆವು. ವಿಳಾಸದ ಜಾಗದಲ್ಲಿ ಯಾರೋ ಪಾಪ ಕನ್ನಡದಲ್ಲಿ ‘ಗಣಪತಿ ಗುಡಿ ಎದುರು’ ಅಂತ ಟೈಪ್ ಮಾಡಿದ್ದರು. ಗೇಟಿನ ಹಳೇ ಸಾಫ್ಟ್‌ವೇರಿಗೆ ಕನ್ನಡ ಬರುವುದಿಲ್ಲ.