ಬೇಸ್‌ಮೆಂಟಿಗೆ ಉಕ್ಕಿದ ನೀರು ಯಾರದ್ದು?

ನಮ್ಮ ಮನೆ ಬೆಂಗಳೂರಿನ ವೃಷಭಾವತಿ ಕಣಿವೆಯ ಇಳಿಜಾರಿನಲ್ಲಿದೆ. ಕೆಳಗೆ ಅರ್ಧ ನೆಲದೊಳಗೆ ಇಳಿದ ಬೇಸ್‌ಮೆಂಟು. ಅಲ್ಲೊಂದು ರೂಮು, ಬಾತ್‌ರೂಮು. ಮನೆ ಕಟ್ಟಿದಾಗ ಗೇಟಿನಿಂದ ರಸ್ತೆಗೆ ಎರಡು ಮೆಟ್ಟಿಲು ಇಳಿಯಬೇಕಿತ್ತು. ಡಾಂಬರಿನ ಮೇಲೆ ಡಾಂಬರು ಬಿದ್ದು ಈಗ ಗೇಟೂ ರಸ್ತೆಯೂ ಒಂದೇ ಮಟ್ಟ.

ಮೊದಲ ಸಲ ನೀರು ಉಕ್ಕಿದ ದಿನ ಮಳೆಯೇ ಇರಲಿಲ್ಲ. ಬೆಳಿಗ್ಗೆ ಬಾತ್‌ರೂಮಿನ ನಾನಿ ಟ್ರ್ಯಾಪಿನಲ್ಲಿ, ಅಂದರೆ ನೆಲದ ನೀರು ಹೋಗುವ ಜಾಲರಿ ಕಿಂಡಿಯಲ್ಲಿ, ಗುಳುಗುಳು ಸದ್ದು. ಆಮೇಲೆ ಜಾಲರಿಯ ಸುತ್ತ ಬೂದು ನೀರು, ಅದರ ಮೇಲೆ ಸೋಪಿನ ನೊರೆ. ಆ ನೊರೆ ನೋಡಿಯೇ ಗೊತ್ತಾಯಿತು. ಮೇಲಿನ ಮನೆಯ ವಾಷಿಂಗ್ ಮಷಿನ್ ಆಗಷ್ಟೇ ನೀರು ಬಿಟ್ಟಿತ್ತು. ಅಂದ್ರೆ ಬಂದದ್ದು ನಮ್ಮದೇ ನೀರು. ಮುಂದೆ ದಾರಿ ಸಿಗದೆ ತಗ್ಗಿಗೆ ನುಗ್ಗಿತ್ತು.

ಮನೆಯ ಕೊಳಚೆ ಪೈಪುಗಳು ಸೇರುವ, ಗೇಟಿನ ಪಕ್ಕದ ಚೇಂಬರ್ ತೆಗೆದರೆ ತುಂಬಿ ನಿಂತಿದೆ. 1916ಕ್ಕೆ ಫೋನ್ ಮಾಡಿದೆ. ಜಲಮಂಡಳಿಯವರು ಬಂದು ರಸ್ತೆಯ ಮ್ಯಾನ್‌ಹೋಲ್ ತೆರೆದರು. ಅಲ್ಲಿ ನೀರು ಸರಾಗವಾಗಿ ಹರಿಯುತ್ತಿತ್ತು. ಹಾಗಾದರೆ ಕಟ್ಟಿಕೊಂಡಿದ್ದು ಇವೆರಡರ ನಡುವೆ. ಪ್ಲಂಬರ್ ಬಿದಿರಿನ ದಬ್ಬೆ ತಳ್ಳಿ ಎಳೆದಾಗ ಕೂದಲಿನಂಥ ಬೇರಿನ ಗೊಂಚಲು ಬಂತು, ಅದಕ್ಕೆ ಸುತ್ತಿಕೊಂಡ ಮಗುವಿನ ವೆಟ್ ವೈಪ್ಸ್. ಹಳೇ ಸ್ಟೋನ್‌ವೇರ್ (ಸುಟ್ಟ ಮಣ್ಣಿನ) ಪೈಪಿನ ಜಾಯಿಂಟ್ ಬಿಟ್ಟುಕೊಂಡು ಹೊಂಗೆ ಮರದ ಬೇರು ಒಳಗೆ ಹೊಕ್ಕಿತ್ತು. ಅಗೆಸಿ 6 ಇಂಚಿನ ಪಿವಿಸಿ ಪೈಪ್ ಹಾಕಿಸಿದೆ. 15 ಅಡಿ ಉದ್ದಕ್ಕೆ 3 ಇಂಚು ಇಳಿಜಾರು, ಮಟ್ಟ ಹಿಡಿದು ನಾನೇ ನೋಡಿದೆ.

ಮುಗಿಯಿತು ಅಂದುಕೊಂಡಿದ್ದೆ. ಸೆಪ್ಟೆಂಬರಿನ ಒಂದು ರಾತ್ರಿ ಜೋರು ಮಳೆ. ಮನೆಯಲ್ಲಿ ಒಂದು ನಲ್ಲಿಯೂ ಓಡುತ್ತಿಲ್ಲ, ಆದರೂ ಬೇಸ್‌ಮೆಂಟಿನಲ್ಲಿ ಪಾದ ಮುಳುಗುವಷ್ಟು ಕಪ್ಪು ನೀರು. ಮೊದಲು ಕರೆಂಟಿನ ಮೇನ್ ಆಫ್ ಮಾಡಿದೆ. ಬಾಡಿಗೆಗಿದ್ದ ಹುಡುಗರ ಹಾಸಿಗೆ, ಪುಸ್ತಕ ಎಲ್ಲಾ ಹೋಯಿತು. ಈಗಲೂ ಅದು ನೆನಪಾದರೆ ಸಂಕಟವಾಗುತ್ತದೆ.

ಈ ಸಲ ಬಂದದ್ದು ಬೀದಿಯ ನೀರು. ಯುಜಿಡಿ, ಅಂದರೆ ರಸ್ತೆಯಡಿಯ ಒಳಚರಂಡಿ, ಇರುವುದು ಕೊಳಚೆಗೆ, ಮಳೆನೀರಿಗಲ್ಲ. ಆದರೆ ನಮ್ಮ ಬೀದಿಯಲ್ಲಿ ಎಷ್ಟೋ ಮನೆಗಳ ತಾರಸಿ ಪೈಪು ಅದಕ್ಕೇ ಸೇರಿತ್ತು. ನಮ್ಮದೂ! 1,000 ಚದರಡಿ ತಾರಸಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 4,600 ಲೀಟರ್. ಒಂದೊಂದು ಮನೆಯಿಂದ ಅಷ್ಟಷ್ಟು ನುಗ್ಗಿದರೆ ಲೈನು ತಡೆಯುತ್ತದಾ?

ಅವತ್ತು ಒಬ್ಬರು "ಯಾರನ್ನಾದ್ರೂ ಮ್ಯಾನ್‌ಹೋಲಿಗೆ ಇಳಿಸಿ ತೆಗೆಸೋಣ ಸಾರ್" ಎಂದರು. ಬೇಡವೇ ಬೇಡ ಎಂದೆ. ಒಳಗಿನ ವಿಷಗಾಳಿಗೆ ಜೀವ ಹೋಗುತ್ತದೆ. ಸುರಕ್ಷಾ ಸಾಧನವಿಲ್ಲದೆ ಹಾಗೆ ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆಯೂ ನಿಷೇಧಿಸಿದೆ. ಜೋರಾಗಿ ನೀರು ಚಿಮ್ಮಿಸಿ ಲೈನು ತೆರವು ಮಾಡುವ ಜೆಟ್ಟಿಂಗ್ ಯಂತ್ರ ಬರುವವರೆಗೆ ಕಾದೆವು.

ಆಮೇಲೆ ತಾರಸಿ ಪೈಪನ್ನು ಚೇಂಬರಿನಿಂದ ಬಿಡಿಸಿ, ಫಿಲ್ಟರ್ ಮೂಲಕ ಸಂಪಿಗೆ ತಿರುಗಿಸಿದೆ. ಸಂಪು ತುಂಬಿದರೆ ನೀರು ಇಂಗುಗುಂಡಿಗೆ ಹೋಗುತ್ತದೆ. ಬೀದಿಯ ನೀರು ಹಿಂದಕ್ಕೆ ಬಾರದಂತೆ ನಾನ್ ರಿಟರ್ನ್ ವಾಲ್ವ್ ಕೂಡ ಬೇಕಿತ್ತು. ಪ್ಲಂಬರ್ ಅದನ್ನು ಗೇಟಿನ ಹತ್ತಿರ ಮೇನ್ ಲೈನಿಗೇ ಹಾಕೋಣ ಎಂದರು. ನಾನು ಒಪ್ಪಲಿಲ್ಲ. ವಾಲ್ವ್ ಮುಚ್ಚಿಕೊಂಡಾಗ ಮೇಲಿನ ಮನೆಯಲ್ಲಿ ಯಾರೋ ಸ್ನಾನ ಮಾಡಿದರೆ ಆ ನೀರು ಎಲ್ಲಿಗೆ ಹೋಗಬೇಕು? ಮತ್ತೆ ಬೇಸ್‌ಮೆಂಟಿಗೇ ಅಲ್ವಾ? ಅದಕ್ಕೆ ಬೇಸ್‌ಮೆಂಟಿನ ಲೈನನ್ನೇ ಬೇರೆ ಮಾಡಿಸಿ, ಅದಕ್ಕೆ ಮಾತ್ರ ವಾಲ್ವ್ ಹಾಕಿಸಿದೆ. ಬಿಚ್ಚಿ ತೊಳೆಯಲು ಸುತ್ತ ಒಂದು ಸಣ್ಣ ಚೇಂಬರ್ ಕಟ್ಟಿಸಿದೆ. ತಿಂಗಳಿಗೊಮ್ಮೆ ತೆಗೆದು ನೋಡುತ್ತೇನೆ. ಒಂದು ಬಟ್ಟೆ ಚೂರು ಸಿಕ್ಕಿಕೊಂಡರೂ ಅದರ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಜೋರು ಮಳೆ ಹೊತ್ತಲ್ಲಿ ಕೆಳಗಿನ ಬಾತ್‌ರೂಮ್ ಬಳಸಬೇಡಿ ಎಂದು ಹುಡುಗರಿಗೆ ಹೇಳಿದ್ದೇನೆ.

ನಮ್ಮ ಸಾಲಿನಲ್ಲಿ ಇನ್ನೂ ಎರಡು ತಾರಸಿ ಪೈಪು ಯುಜಿಡಿಗೇ ಇವೆ. ಒಂದು ಮನೆಯವರು ಭಾನುವಾರ ಬಂದು ನಮ್ಮದನ್ನು ನೋಡುತ್ತೇವೆ ಎಂದಿದ್ದಾರೆ.